ಕ್ಯಾಸೆಟ್ಟಿನಮ್ಮನ ಜೊತೆ ಹಾಡಿದವರು

ಕಾರಣ ತಿಳಿಯದ ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಓದುತ್ತಿದ್ದ ರೀತಿ ಒಂದೇ. ಬರೆದವರು ಎಲ್ಲಿ ತಪ್ಪಾಗಿ ಕೇಳಿಸಿಕೊಂಡರು, ಯಾವುದನ್ನು ಆಮೇಲೆ ಸೇರಿಸಿಕೊಂಡರು ಎಂದು ಹುಡುಕುವುದು. ಸಾಮಾನ್ಯವಾಗಿ ಸಿಗುತ್ತಿತ್ತು. ನಾನು ರಸಾಯನಶಾಸ್ತ್ರ ಓದಿದವಳು. ಚಾಮರಾಜನಗರದಲ್ಲಿ ಮಣ್ಣು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಒಂದೇ ಮಣ್ಣನ್ನು ಎರಡು ಸಲ ಪರೀಕ್ಷಿಸಿ ಎರಡು ಉತ್ತರ ಬಂದರೆ ತಪ್ಪು ಮಣ್ಣಿನದಲ್ಲ, ನನ್ನದು ಎಂದು ನಂಬಿದವಳು. ಈಗ ಬರೆಯುತ್ತಿರುವುದನ್ನು ನೀವೂ ಹಾಗೆಯೇ ಓದಿ. ತಪ್ಪು ಸಿಕ್ಕಿತೆಂದು ನೀವು ಹೇಳಿದರೆ ನನಗೆ ಸಮಾಧಾನವಾಗುತ್ತದೆಯೋ ಇಲ್ಲವೋ, ಅದು ಮಾತ್ರ ಗೊತ್ತಿಲ್ಲ.

ಮೊದಲು ಒಬ್ಬ ಹಾಡುಗಾರ್ತಿಯ ವಿಷಯ ಹೇಳಬೇಕು. ಅವರ ಹೆಸರು ನನಗೆ ತಿಳಿಯದು. ಒಂದು ಕಾಲಕ್ಕೆ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಅಗ್ಗದ ಕ್ಯಾಸೆಟ್‌ಗಳು ಸಿಗುತ್ತಿದ್ದವು. ಎಲ್ಲರ ಬಾಯಲ್ಲೂ ಇರುವ ಹಳೆಯ ಸಿನಿಮಾ ಹಾಡುಗಳೇ, ಆದರೆ ಹಾಡಿದವರು ಬೇರೆ. ಹೊದಿಕೆಯ ಮೂಲೆಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ‘ಮೂಲ ಗಾಯಕರ ಧ್ವನಿಯಲ್ಲ’ ಎಂದಿರುತ್ತಿತ್ತು. ಹಾಡಿದವರ ಹೆಸರಿಗೆ ಅಷ್ಟು ಜಾಗವೂ ಇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಂಥ ಒಂದೇ ಒಂದು ಕ್ಯಾಸೆಟ್ ಇತ್ತು. ಅಪ್ಪ ಯಾವಾಗಲೋ ಅರಿಸಿನ ಮಾರಲು ಹೋಗಿದ್ದವರು ತಂದದ್ದು. ಹೆಸರಿಲ್ಲದ ಆ ಹಾಡುಗಾರ್ತಿಯನ್ನು ಅವ್ವ ‘ಕ್ಯಾಸೆಟ್ಟಿನಮ್ಮ’ ಎಂದು ಕರೆಯುತ್ತಿದ್ದರು. ಸುಗ್ಗಿಯಮ್ಮ, ಮಾರಮ್ಮ ಎನ್ನುವಷ್ಟೇ ಸಹಜವಾಗಿ.

ಆ ಹಾಡುಗಳೆಲ್ಲ ಕ್ಯಾಸೆಟ್ಟಿನಮ್ಮನವೇ ಎಂದು ನಾನು ತಿಳಿದಿದ್ದೆ. ಮೈಸೂರಿನ ಹಾಸ್ಟೆಲ್ ಸೇರಿದ ಮೊದಲ ತಿಂಗಳು ಗೆಳತಿಯ ಫೋನಿನಲ್ಲಿ ಒಂದು ಹಾಡು ಬಂತು. “ಇದನ್ನ ಯಾರೋ ಕೆಡಿಸಿ ಹಾಡಿದ್ದಾರೆ” ಎಂದುಬಿಟ್ಟೆ. ಇಡೀ ಕೋಣೆ ನಕ್ಕಿತು. “ಅಯ್ಯೋ ತಾಯಿ, ಇದೇ ಒರಿಜಿನಲ್ ಕಣೇ! ನೀನು ಕೇಳ್ಕೊಂಡ್ ಬಂದಿರೋದು ಡೂಪ್ಲಿಕೇಟು!” ಎಂದಳು ಅವಳು.

ಮೂಲ ಗಾಯಕಿಯದು ದೊಡ್ಡ ದನಿ, ಹಿಂದೆ ದೊಡ್ಡ ವಾದ್ಯವೃಂದ. ಅದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ಆದರೂ ಕ್ಯಾಸೆಟ್ಟಿನಮ್ಮನನ್ನು ಬಿಡಲಾಗಲಿಲ್ಲ. ಅವರ ಹಿಂದೆ ಇದ್ದದ್ದು ಒಂದು ಕೀಬೋರ್ಡ್, ಒಂದು ಪಿಟೀಲು, ಒಂದು ತಬಲ. ಅಡಗಿಕೊಳ್ಳಲು ಜಾಗವಿಲ್ಲ ಎಂದು ಗೊತ್ತಿದ್ದವರಂತೆ ಹಾಡುತ್ತಿದ್ದರು. ಮೂಲದವರು ಏರಿಸಿದ ಕಡೆ ಇವರು ಏರಿಸುವುದಿಲ್ಲ. ತಾಳಕ್ಕಿಂತ ಎಳೆಯಷ್ಟು ತಡೆದು ಪದವನ್ನು ಇಡುತ್ತಾರೆ. ಅದರಲ್ಲಿ ಒಂದು ಬೀಳ್ಕೊಡುಗೆಯ ಹಾಡಿದೆ. ಪ್ರತಿ ಚರಣವೂ ‘ಹೋಗು’ ಎಂಬ ಮಾತಿಗೆ ಬಂದು ನಿಲ್ಲುತ್ತದೆ. ಮೂಲದಲ್ಲಿ ಅದು ಅಪ್ಪಣೆ. ಇವರಲ್ಲಿ ಮೊದಲು ಬರಿಯ ಉಸಿರು ಬರುತ್ತದೆ, ಆಮೇಲೆ ಸ್ವರ. ಹೋಗು ಎನ್ನುತ್ತಲೇ ಸೆರಗಿನ ತುದಿ ಹಿಡಿದುಕೊಂಡ ಹಾಗೆ.

ಅವ್ವ ಗುಂಡ್ಲುಪೇಟೆ ಕಡೆಯ ಹಳ್ಳಿಯವರು. ಅಡುಗೆಮನೆಯಿಂದಲೇ ಜೊತೆಗೆ ಹಾಡುತ್ತಿದ್ದರು. ಹಾಡು ಬಾಯಿಪಾಠವಾಗಿದ್ದರಿಂದ ಅವರಿಗೆ ಕಾಯುವ ತಾಳ್ಮೆಯಿರಲಿಲ್ಲ. ಕ್ಯಾಸೆಟ್ಟಿನಮ್ಮ ತಡೆದು ತೆಗೆಯುವ ಸಾಲನ್ನು ಇವರು ಒಂದು ಕ್ಷಣ ಮುಂಚೆಯೇ ಎತ್ತಿಕೊಳ್ಳುತ್ತಿದ್ದರು. ನಡುವೆ ಪಿಟೀಲು ಬಂದಾಗ ಹಾಡುಗಾರ್ತಿಗೆ ಬಿಡುವು, ಅವ್ವನಿಗೆ ಮನೆಗೆಲಸದ ಹೊತ್ತು. “ಒಲೆ ಸಣ್ಣ ಮಾಡು ಕೂಸು” ಎನ್ನುತ್ತಿದ್ದರು. ನಾನು ಏನಾದರೂ ಕೇಳಲು ಬಾಯಿ ತೆರೆದರೆ, “ಸುಮ್ಕಿರು ಕಣಮ್ಮಿ, ಕ್ಯಾಸೆಟ್ಟಿನಮ್ಮ ಬಂದ್ಲು” ಎಂದು ಮತ್ತೆ ಹಾಡಿಗೆ ಇಳಿಯುತ್ತಿದ್ದರು. ‘ಹೋಗು’ ಎಂಬಲ್ಲಿ ನಮ್ಮ ಕಡೆಯವರೆಲ್ಲರಂತೆ ‘ಓಗು’ ಎನ್ನುತ್ತಿದ್ದರು. ಅದರಲ್ಲಿ ಉಸಿರಿಲ್ಲ, ಹಿಂಜರಿಕೆಯಿಲ್ಲ. ಬಾಗಿಲು ತೆರೆದಂತೆ ಬರಿಯ ಓಕಾರ.

ನಾನು ಪಿ.ಯು.ಸಿ.ಯಲ್ಲಿದ್ದೆ. ಒಂದು ದಿನ ಗೆಳತಿಯರಿಬ್ಬರು ಮನೆಗೆ ಬಂದಿದ್ದರು. ಅವ್ವ ಒಳಗೆ ಹಾಡಿಕೊಳ್ಳುತ್ತಿದ್ದರು. ಅವರಿಬ್ಬರು ಮುಖ ಮುಖ ನೋಡಿಕೊಂಡದ್ದು ಕಂಡು ನಾನು ಎದ್ದು ಹೋಗಿ, “ಅದು ಓಗು ಅಲ್ಲವ್ವ, ಹೋಗು. ಹ. ಹಾಡು ಕೆಡುತ್ತೆ” ಎಂದೆ. ಮೇಷ್ಟರು ಮಗ್ಗಿ ತಿದ್ದುವ ಹಾಗೆ. ಅವ್ವ ನಕ್ಕರು. “ಸರಿ ಬುಡು, ಬಾಯಿ ಬರೋರೇ ಹಾಡ್ಕೊಳ್ಳಿ” ಎಂದರು. ಗೆಳತಿಯರು ಆಡಿಕೊಳ್ಳಬಾರದೆಂದೋ ಏನೋ, ‘ಹಾಡ್ಕೊಳ್ಳಿ’ ಎನ್ನುವಾಗ ಹಕಾರವನ್ನು ಒತ್ತಿ ಹೇಳಿದರು. ಅದರ ನಂತರ ಅವರು ಜೊತೆಗೆ ಹಾಡಿದ್ದನ್ನು ನಾನು ಕೇಳಿಲ್ಲ. ಮುನಿಸಿಕೊಂಡಿರಲಿಲ್ಲ. ಕ್ಯಾಸೆಟ್ ಹಾಕಿದರೆ ಕೇಳುತ್ತ ಕೆಲಸ ಮಾಡುತ್ತಿದ್ದರು, ಅಷ್ಟೆ.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಅವರ ದನಿ ನನ್ನಲ್ಲಿಲ್ಲ. ಫೋನಿಗೆ ಮಾತು ಕಳಿಸುವುದು ಅವರಿಗೆ ಇಷ್ಟವಿರಲಿಲ್ಲ. ನೆಂಟರ ಮದುವೆಯ ವೀಡಿಯೊ ಒಂದರಲ್ಲಿ ಸಾಲಿನ ಕೊನೆಯಲ್ಲಿ ಕೂತಿದ್ದಾರೆ, ಊಟ ಮಾಡುತ್ತಿದ್ದಾರೆ, ಮಾತಾಡುವುದಿಲ್ಲ. ಮುಖ ನೆನಪಿರುತ್ತದೆ. ದನಿ ಹಾಗಲ್ಲ; ಹಿಡಿಯಲು ಹೋದಷ್ಟೂ ನನ್ನ ದನಿಯೇ ಆಗಿಬಿಡುತ್ತದೆ. ಕ್ಯಾಸೆಟ್ಟಿನಮ್ಮನಾದರೂ ಇರಲಿ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮೂಲದ ಹಾಡುಗಳು ನೂರೆಂಟು ಕಡೆ ಇವೆ. ಇವರು ಎಲ್ಲೂ ಇಲ್ಲ. ಕೊನೆಗೆ ಸೂಜಿ ದಾರದ ಡಬ್ಬಿಯಲ್ಲಿ ಕ್ಯಾಸೆಟ್ಟೇ ಸಿಕ್ಕಿತು. ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ಕಾಲವಾಗಿತ್ತು.

ಗುಂಡ್ಲುಪೇಟೆಯಲ್ಲಿ ಮಿಕ್ಸಿ ರಿಪೇರಿ ಮಾಡುವ ಮಹದೇವಣ್ಣ ಎಂಬವರು ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಒಂದು ಶನಿವಾರ ಬೆಳಗ್ಗೆ ಬಸ್ಸು ಹತ್ತಿದೆ. ಅಂಗಡಿ ಈರುಳ್ಳಿ ಮಂಡಿಯ ಹಿಂದಿನ ಬೀದಿಯಲ್ಲಿತ್ತು, ಹಿಂಬದಿಗೆ ಮನೆ. ಮಹದೇವಣ್ಣನಿಗೆ ಐವತ್ತು ದಾಟಿರಬಹುದು. ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, “ಇದ್ನ ಮ್ಯೂಸಿಯಮ್ಗೆ ಕೊಡದ್ ಬುಟ್ಟು ನನ್ತಾವ ತಂದಿದ್ದೀರಲ್ಲ ಮೇಡಂ” ಎಂದರು. ಊಟ ಮುಗಿಸಿ ಬನ್ನಿ ಎಂದರು. ನಾನು ಅವರಿಗೆ ಹೇಳಿದ್ದು ಇಷ್ಟೇ: “ಎಲ್ಲ ಹಾಡೂ ಬೇಕು.” ಮನೆಯ ವಿಷಯ ಒಂದು ಮಾತೂ ಆಡಲಿಲ್ಲ. ಅಪರಿಚಿತರ ಹತ್ತಿರ ಅಂಥದ್ದೆಲ್ಲ ಹೇಳುವವಳು ನಾನಲ್ಲ.

ಮೂರು ಗಂಟೆಗೆ ಹೋದಾಗ ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದರು. ನನ್ನನ್ನು ಕಂಡು ಅದನ್ನು ತೆಗೆದು, ತೀರ ಸಾಮಾನ್ಯವಾಗಿ ಕೇಳಿದರು: “ಮೇಡಂ, ಜೊತೇಲಿ ಹಾಡೋರ್ದು ಇರ್ಲಾ, ತೆಗ್ದುಬುಡ್ಲಾ? ಪೂರಾ ಓಗಕಿಲ್ಲ, ಒಸಿ ಕಮ್ಮಿ ಆಯ್ತದೆ.”

“ಜೊತೆಯಲ್ಲಿ ಯಾರು?” ಎಂದೆ.

“ಇನ್ನೊಬ್ರು ಎಂಗ್ಸು. ಕ್ಯಾಸೆಟ್ನೋರು ಉಸ್ರು ಬುಟ್ಟು ಹೇಳ್ತರೆ, ಇವ್ರು ನಮ್ಮಂಗೇ ‘ಓಗು’ ಅಂತರೆ. ಒಸಿ ಮುಂಚೇನೇ ಸುರು ಮಾಡ್ಬುಡ್ತರೆ. ಮ್ಯೂಸಿಕ್ ಬಂದಾಗ ಒಲೆ ಸಣ್ಣ ಮಾಡು ಅಂತರೆ ಕಣವ್ವ! ಮನೇಲಿ ರೆಕಾರ್ಡ್ ಮಾಡ್ಕಂಡಿದ್ದಾ?”

ನಾನು ಸ್ಟೂಲಿನ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಂಡೆ. ಕೀಬೋರ್ಡ್ ಬಂತು, ತಬಲ ಬಂತು, ಕ್ಯಾಸೆಟ್ಟಿನಮ್ಮ ಬಂದರು. ಎಷ್ಟೋ ವರ್ಷಗಳ ಮೇಲೆ ಆ ತಡೆದಿಟ್ಟ ಉಸಿರು. ಬೇರೆ ಯಾರೂ ಇರಲಿಲ್ಲ. ಮತ್ತೆ ಹಾಕಿಸಿದೆ. ಕಣ್ಣು ಮುಚ್ಚಿ ಕೇಳಿದೆ. ಮೂರನೆಯ ಸಲ ಹೆಡ್‌ಫೋನ್ ತೆಗೆಸಿ ಸ್ಪೀಕರಿನಲ್ಲಿ ಹಾಕಿಸಿದೆ. ಮಹದೇವಣ್ಣ ಪಕ್ಕದಲ್ಲಿ ನಿಂತು, “ಇಗೊ, ಈಗ ಎತ್ಕಂಡ್ರು. ಇಗೊ, ಇಲ್ಲಿ” ಎಂದು ಬೆರಳೆತ್ತಿ ತೋರಿಸುತ್ತಿದ್ದರು. ಅವರ ಬೆರಳು ಏಳುತ್ತಿದ್ದದ್ದು ಪ್ರತಿ ಸಾಲಿಗೂ ಒಂದು ಕ್ಷಣ ಮುಂಚೆ. ಅವ್ವ ಎತ್ತಿಕೊಳ್ಳುತ್ತಿದ್ದ ಜಾಗದಲ್ಲೇ.

“ನನಗೆ ಕೇಳಿಸುತ್ತಿಲ್ಲ” ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಒಳಗಿನಿಂದ ಹೆಂಡತಿಯನ್ನು ಕರೆದರು. ಆಕೆ ಅವರೆಕಾಯಿ ಸುಲಿಯುತ್ತಿದ್ದವರು ಕೈ ಕೊಡವಿಕೊಂಡು ಬಂದರು. “ಪಕ್ಕದಲ್ಲಿ ನಿಂತ್ಕಂಡು ಕೂಗುದ್ರೂ ಕೇಳದಿರೋ ಕಿವಿಗೆ ಇದ್ಯಾವ ಹಾಡ್ ಕೇಳ್ತು?” ಎಂದು ಗಂಡನನ್ನು ಚುಚ್ಚಿದರು. ಮಹದೇವಣ್ಣ, “ಬಾಯ್ ಮುಚ್ಕಂಡು ಕೇಳಮ್ಮಿ, ಎಷ್ಟು ಜನ ಅವ್ರೆ ಹೇಳು” ಎಂದಷ್ಟೇ ಹೇಳಿ ಹೆಡ್‌ಫೋನ್ ಕೊಟ್ಟರು. ಆಕೆ ಸ್ವಲ್ಪ ಹೊತ್ತು ಕೇಳಿ, “ಇಬ್ರು. ಒಬ್ರು ನಮ್ ಕಡೆಯೋರು” ಎಂದರು. ಆಮೇಲೆ ಏನೋ ನೆನೆಸಿಕೊಂಡವರಂತೆ ನಗತೊಡಗಿದರು. “ಒಲೆ ಸಣ್ಣ ಮಾಡು ಕೂಸು ಅಂತಾ ಅವ್ರೆ. ಹಾಡ್ತಾ ಹಾಡ್ತಾನೇ ಅಡ್ಗೇನೂ ಮಾಡ್ತಾವ್ರಲ್ಲ!”

‘ಕೂಸು’ ಎಂಬ ಮಾತನ್ನು ಮಹದೇವಣ್ಣ ನನಗೆ ಹೇಳಿರಲಿಲ್ಲ.

ಆಗ ನಾನು ಮಾಡಿದ್ದು ನನ್ನ ಸ್ವಭಾವಕ್ಕೆ ಹೊಂದುವಂಥದಲ್ಲ. ಆಕೆಯ ಕೈ ಹಿಡಿದುಕೊಂಡು, “ಅವರು ಹೇಗೆ ಹಾಡುತ್ತಿದ್ದಾರೋ ಹಾಗೇ ಹಾಡಿ ತೋರಿಸ್ತೀರಾ?” ಎಂದು ಕೇಳಿದೆ. ಆಕೆ ನಾಚಿಕೊಂಡರು. “ನಂಗೆಲ್ಲಿ ಬಂದದವ್ವ ಹಾಡು” ಎಂದರು. ನನ್ನ ಮುಖದಲ್ಲಿ ಏನು ಕಂಡಿತೋ, ಹೆಡ್‌ಫೋನ್ ಸರಿಮಾಡಿಕೊಂಡು, ಕಿವಿಗೆ ಬಿದ್ದದ್ದನ್ನು ಬಿದ್ದಂತೆ ಸಣ್ಣಗೆ ಹೇಳತೊಡಗಿದರು. ಅದು ಅವ್ವನ ದನಿಯಲ್ಲ. ಒಡಕು ದನಿ, ಶ್ರುತಿಯಿಲ್ಲ. ಆದರೆ ಎತ್ತಿಕೊಳ್ಳುವ ಆತುರ ಅದೇ. ಎರಡನೆಯ ಚರಣದಲ್ಲಿ ಅವ್ವ ಯಾವಾಗಲೂ ಒಂದು ಪದ ನುಂಗಿಬಿಡುತ್ತಿದ್ದರು. ಆಕೆಯೂ ಅಲ್ಲಿ ಅದನ್ನು ಬಿಟ್ಟರು. ಚರಣದ ಕೊನೆಗೆ ಬಂದು, “ಓಗು” ಎಂದರು. ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ನಾನು ತಿದ್ದಲಿಲ್ಲ.

ಆಕೆ ಎರಡು ಸಲ ಹಾಡಿದರು. ಮೂರನೆಯ ಸಲ ಕೇಳಲು ನನಗೆ ಬಾಯಿ ಬರಲಿಲ್ಲ. “ಇರ್ಲಾ, ತೆಗಿಲಾ ಮೇಡಂ?” ಎಂದು ಮಹದೇವಣ್ಣ ಮತ್ತೆ ಕೇಳಿದರು. ಇರಲಿ ಎಂದೆ.

ಆಮೇಲೆ ಮಾಡಬೇಕಾದುದನ್ನೆಲ್ಲ ಮಾಡಿದ್ದೇನೆ. ಅಂಗಡಿಯಿಂದ ತಂದ ಕ್ಯಾಸೆಟ್ಟಿನ ಮೇಲೆ ಮನೆಯಲ್ಲಿ ರೆಕಾರ್ಡ್ ಮಾಡಲಾಗದು. ಮಾಡಲೇಬೇಕೆಂದರೆ ಹಿಂಬದಿಯ ತೂತಿಗೆ ಕಾಗದವನ್ನೋ ಅಂಟುಪಟ್ಟಿಯನ್ನೋ ತುರುಕಬೇಕು. ನಮ್ಮದರಲ್ಲಿ ಅಂಥ ಗುರುತಿಲ್ಲ. ಟೇಪಿನ ಇನ್ನೊಂದು ಬದಿಯ ಹಾಡು ಕೆಲವೊಮ್ಮೆ ಮೆಲ್ಲಗೆ ಸೋರುತ್ತದೆಯಂತೆ, ಆದರೆ ಅದು ಹಿಂದುಮುಂದಾಗಿ ಕೇಳಬೇಕು. ಮಹದೇವಣ್ಣನಿಗೂ ಅವರ ಹೆಂಡತಿಗೂ ಅವ್ವನ ಪರಿಚಯವಿತ್ತೇ ಎಂದು ವಿಚಾರಿಸಿದೆ. ಹೆಸರು, ಊರು ಹೇಳಿದೆ, ಫೋಟೋ ತೋರಿಸಿದೆ. ಕಂಡಿಲ್ಲ ಎಂದರು, ಸುಳ್ಳು ಹೇಳಲು ಅವರಿಗೆ ಕಾರಣವೂ ಇಲ್ಲ. ಮೈಸೂರಿನಲ್ಲಿ ನನ್ನ ಕಿವಿಯನ್ನೂ ಪರೀಕ್ಷೆ ಮಾಡಿಸಿದೆ. ಯಾವ ದೋಷವೂ ಇಲ್ಲ ಎಂದು ಬರೆದುಕೊಟ್ಟಿದ್ದಾರೆ. ಕಾಗದ ಕೈಗೆ ಬಂದಾಗ ಯಾರಿಗಾದರೂ ಸಂತೋಷವಾಗಬೇಕಿತ್ತು.

ಆ ಹಾಡನ್ನು ನಾನು ಈಗಲೂ ಕೇಳುತ್ತೇನೆ. ಕ್ಯಾಸೆಟ್ಟಿನಮ್ಮ ಎಂದಿನಂತೆ ಒಬ್ಬರೇ ಹಾಡುತ್ತಾರೆ, ಚೆನ್ನಾಗಿ ಹಾಡುತ್ತಾರೆ. ಒಂದೊಂದು ಸಾಲಿನ ಮುಂಚೆಯೂ ಖಾಲಿ ಬಿಟ್ಟ ಆ ಎಳೆಯಷ್ಟು ಜಾಗದಲ್ಲಿ ಕಿವಿಯಿಟ್ಟು ಕಾಯುತ್ತೇನೆ. ಯಾವಾಗಲೂ ಇಯರ್‌ಫೋನಿನಲ್ಲೇ ಕೇಳುತ್ತೇನೆ, ಬಾಗಿಲು ಹಾಕಿಕೊಂಡು. ಅಪ್ಪ ಎರಡು ಸಲ ಕೇಳಿದರು, “ಆ ಕ್ಯಾಸೆಟ್ ಸರಿ ಆಯ್ತಂತಲ್ಲ, ಒಂದ್ಸಲ ಜೋರಾಗಿ ಹಾಕವ್ವ” ಎಂದು. ಏನೋ ನೆಪ ಹೇಳಿದೆ. ಅಪ್ಪನಿಗೂ ಕೇಳಿಸದಿದ್ದರೆ ಅಲ್ಲಿಗೆ ಮುಗಿಯಿತು, ಗುಂಡ್ಲುಪೇಟೆಯ ಗಂಡ ಹೆಂಡತಿಗೆ ಏನೋ ಭ್ರಮೆ ಎಂದುಕೊಳ್ಳಬಹುದು. ಕೇಳಿಸಿಬಿಟ್ಟರೆ, ಇಷ್ಟು ದಿನ ಈ ಮನೆಯಲ್ಲಿ ಅವ್ವ ಹಾಡುತ್ತಲೇ ಇದ್ದರು, ಕೇಳಿಸದವಳು ನಾನೊಬ್ಬಳೇ ಎಂದಾಗುತ್ತದೆ. ಹಾಗಾಗಿ ಇನ್ನೂ ಹಾಕಿಲ್ಲ.