ಚೀನಾದ ಅಚ್ಚಿಗೆ ರಾಣೆಬೆನ್ನೂರಿನ ಕಣ್ಣು

ಬೆಳಗಿನ ಐದೂವರೆ. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಒಳಗಲ್ಲಿಯ ಮನೆಯೊಂದರಲ್ಲಿ ಬಿಸ್ಮಿಲ್ಲಾಬಿ ನಮಾಜು ಮುಗಿಸಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಚೀನಾದಲ್ಲಿ ಆಗ ಎಂಟು ಗಂಟೆ. ಅಲ್ಲಿನ ಮುದ್ರಣಾಲಯದಿಂದ ಬಂದ ಮೊದಲ ಹಾಳೆಯ ಫೋಟೊ ತೆರೆದು, ಪರದೆಯ ಮೇಲೆ ತೋರುಬೆರಳಿಟ್ಟು, ಕೊನೆಯ ಪದದಿಂದ ಹಿಂದಕ್ಕೆ ಓದುತ್ತಾ ಬರುತ್ತಾರೆ.

“ಮೊದಲಿಂದ ಓದಿದ್ರ ಕಥಿ ಎಳಕೊಂಡ ಹೋಗತೈತ್ರಿ, ತಪ್ಪು ಕಾಣಾಂಗಿಲ್ಲ. ಹಿಂದಿಂದ ಓದಿದ್ರ ಬರೇ ಅಕ್ಷರ ಕಾಣತಾವು” ಎನ್ನುತ್ತಾರೆ.

ಅವರು ತಿದ್ದುವುದು ಮಕ್ಕಳ ಬಣ್ಣದ ಚಿತ್ರಪುಸ್ತಕಗಳನ್ನು. ಚಿತ್ರ ಬರೆಯುವವರು ಯುರೋಪಿನವರು, ಅಚ್ಚು ಚೀನಾದಲ್ಲಿ. ಹತ್ತು ಹನ್ನೆರಡು ಭಾಷೆಗಳಿಗೆ ಬಣ್ಣದ ಚಿತ್ರಗಳನ್ನು ಒಟ್ಟಿಗೇ ಮುದ್ರಿಸಿ, ಆಮೇಲೆ ಆಯಾ ಭಾಷೆಯ ಕಪ್ಪು ಅಕ್ಷರಗಳನ್ನು ಮಾತ್ರ ಬದಲಿಸುತ್ತಾ ಹೋಗುತ್ತಾರೆ. ಹೀಗೆ ಮಾಡಿದರೆ ಕನ್ನಡದ ಎರಡು ಸಾವಿರ ಪ್ರತಿಗಳೂ ಅಗ್ಗಕ್ಕೆ ಸಿಗುತ್ತವೆ. ಆದರೆ ಯಂತ್ರದ ಹತ್ತಿರ ನಿಂತವರಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರುವುದಿಲ್ಲ. ಆರು ವರ್ಷಗಳಲ್ಲಿ ಇಂಥ ನಲವತ್ತೊಂದು ಪುಸ್ತಕಗಳು ಬಿಸ್ಮಿಲ್ಲಾಬಿಯವರ ಕಣ್ಣು ದಾಟಿ ಬಂದಿವೆ.

ಈಗ ಐವತ್ತೆರಡು ವರ್ಷದ ಅವರು ಅಕ್ಷರ ಜೋಡಿಸಲು ಕಲಿತದ್ದು ತಂದೆ ಮೌಲಾಸಾಬರ ಕೈಕೆಳಗೆ. ಬೀಜದಂಗಡಿಗಳ ಕರಪತ್ರ, ಬಿಲ್ಲು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ತಂದೆ ಸೀಸದ ಅಚ್ಚುಮೊಳೆ ಜೋಡಿಸುವವರು. “ಆಗ ಒತ್ತಕ್ಷರಕ್ಕ ಬ್ಯಾರೆ ಮೊಳಿ ಇರ್ತಿತ್ತು. ಒಂದು ಕೆಳಗ ಬಿದ್ರ ಅಪ್ಪ ಹುಡುಕಿಸಿ ಹುಡುಕಿಸಿ ಸಾಕು ಮಾಡ್ತಿದ್ದ” ಎಂದು ನಗುತ್ತಾರೆ. ಆ ಪ್ರೆಸ್ಸು ಮುಚ್ಚಿತು. ಅದಾದ ಎರಡೇ ವರ್ಷಕ್ಕೆ ಆಟೋ ಓಡಿಸುತ್ತಿದ್ದ ಗಂಡನೂ ತೀರಿಕೊಂಡರು. ಆರು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂವತ್ತೊಂದನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಇಂದಿಗೂ ಹಗಲೆಲ್ಲ ಲಗ್ನಪತ್ರಿಕೆ, ಬೀಜದ ಪ್ಯಾಕೆಟ್ಟಿನ ಬರಹ ಮಾಡಿಕೊಡುವುದೇ ಅವರ ಉದ್ಯೋಗ.

ಚಿತ್ರಪುಸ್ತಕದ ಕೆಲಸವೂ ಲಗ್ನಪತ್ರಿಕೆಯಿಂದಲೇ ಬಂತು. ಬೆಂಗಳೂರಿನ ಪ್ರಕಾಶನವೊಂದರ ಸಂಪಾದಕಿ ಅಂಜಲಿ ನೆಂಟರ ಮದುವೆಗೆಂದು ಈ ಊರಿಗೆ ಬಂದಿದ್ದರು. ಒಂದೂ ಕಾಗುಣಿತ ತಪ್ಪಿಲ್ಲದ ಪತ್ರಿಕೆ ಕಂಡು, ಇದನ್ನು ಮಾಡಿದವರು ಯಾರೆಂದು ಮನೆ ಹುಡುಕಿಕೊಂಡು ಬಂದರು.

ಕಳೆದ ಡಿಸೆಂಬರಿನ ಒಂದು ಬೆಳಗನ್ನು ಬಿಸ್ಮಿಲ್ಲಾಬಿ ಮರೆತಿಲ್ಲ. ಅಂದು ಅಚ್ಚಿಗೆ ಹೋಗಿದ್ದು ಅಜ್ಜಿ ಮತ್ತು ಬೆಕ್ಕಿನ ಕಥೆ. ಫೋಟೊ ತೆರೆದರೆ ‘ಅಜ್ಜಿ’ ಹೋಗಿ ‘ಅಜ್‌ಜಿ’ ಆಗಿತ್ತು, ‘ಬೆಕ್ಕು’ ‘ಬೆಕ್‌ಕು’ ಆಗಿತ್ತು. ಕನ್ನಡ ಅರಿಯದ ಅಲ್ಲಿನ ಸಾಫ್ಟ್‌ವೇರು ಒತ್ತಕ್ಷರಗಳನ್ನೆಲ್ಲ ಕಳಚಿಹಾಕಿತ್ತು. ಕೂಡಲೇ ಅಂಜಲಿಗೆ ಫೋನ್ ಮಾಡಿ, ಅಚ್ಚು ನಿಲ್ಲಿಸಲು ಹೇಳಿದರು.

“ಅಕ್ಕಾ, ಈಗ ನಿಲ್ಲಿಸಿದ್ರೆ ಕನ್ನಡಾನ ಬಿಟ್ಟು ಮುಂದಿನ ಭಾಷೆಗೆ ಹೋಗ್ಬಿಡ್ತಾರೆ. ಪುಸ್ತಕವೇ ಬರಲ್ಲ” ಎಂದು ಅಂಜಲಿ ಗಾಬರಿಯಾದರು. “ಓದಿದ್ರೆ ಹೇಗೋ ಅರ್ಥ ಆಗುತ್ತಲ್ವಾ?”

“ದೊಡ್ಡವರಿಗೆ ಅರ್ಥ ಆಗತೈತಿ ನಮ್ಮವ್ವಾ. ಅಕ್ಷರ ಕಲಿಯೋ ಕೂಸು ಇದನ್ನ ಖರೇ ಅಂತ ತಿಳಕೊಂತೈತಿ. ಪುಸ್ತಕ ಬರದಿದ್ರ ಬ್ಯಾಡ, ಇದು ಮಾತ್ರ ಹೋಗೂದು ಬ್ಯಾಡ.”

ಅಂಜಲಿ ಚೀನಾದವರೊಂದಿಗೆ ಮಾತಾಡಿ, ಮರಳಿ ಫೋನ್ ಮಾಡುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಥಾಯ್ ಭಾಷೆಯನ್ನು ಮೊದಲು ಮುಗಿಸಲು ಅವರು ಒಪ್ಪಿದ್ದರು. ಸಿಕ್ಕ ಸಮಯ ಒಂದೂವರೆ ಗಂಟೆ. ಬಿಸ್ಮಿಲ್ಲಾಬಿ ತಮ್ಮ ಲಗ್ನಪತ್ರಿಕೆಯ ವಿದ್ಯೆಯನ್ನೇ ಹೂಡಿದರು. ಅಚ್ಚಿಗೆಂದು ಶಿವಕಾಶಿಗೆ ಕಳಿಸುವ ಪತ್ರಿಕೆಗಳ ಅಕ್ಷರ ಒಡೆಯದಿರಲೆಂದು ಅಕ್ಷರಗಳನ್ನೇ ಚಿತ್ರವಾಗಿ ಬದಲಿಸಿಬಿಡುವುದು ಅವರ ರೂಢಿ. ಆಮೇಲೆ ಯಾವ ಯಂತ್ರವೂ ಒತ್ತಕ್ಷರ ಬಿಡಿಸಲಾರದು. ಇಪ್ಪತ್ನಾಲ್ಕು ಪುಟಗಳನ್ನೂ ಹಾಗೆ ಮಾಡಿ ಕಳಿಸಿದಾಗ ಇನ್ನು ಆರೇ ನಿಮಿಷ ಉಳಿದಿತ್ತು.

“ಇಷ್ಟ ಮಂದಿ ಕೆಲಸ ನಾ ನಿಲ್ಲಿಸೇನಲ್ಲ ಅಂತ ಹೆದರಿಕಿ ಆಗಿತ್ರಿ” ಎನ್ನುತ್ತಾರೆ. ಪುಸ್ತಕ ಬಂತು. ಆದರೆ ಅವಸರದಲ್ಲಿ ಹತ್ತೊಂಬತ್ತನೇ ಪುಟದ ಸಾಲುಗಳು ಇಕ್ಕಟ್ಟಾಗಿ ಕೂತಿವೆ. ಅದನ್ನು ತಾವಾಗಿಯೇ ತೆರೆದು ನನಗೆ ತೋರಿಸುತ್ತಾರೆ. ಈಗ ಪ್ರಕಾಶನದವರು ಪ್ರತಿ ಪುಸ್ತಕದ ಕನ್ನಡ ಪುಟಗಳನ್ನು ಮೊದಲು ಇವರಿಂದಲೇ ಹೀಗೆ ಸಿದ್ಧ ಮಾಡಿಸಿ, ಆಮೇಲೆ ಚೀನಾಕ್ಕೆ ಕಳಿಸುತ್ತಾರೆ.

ಮಗಳು ಬ್ಯಾಡಗಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದು ದಿನ ತಾಯಿ ಬಸ್ಸು ಹಿಡಿದು ಹೋಗಿ, ಅವಳ ತರಗತಿಯ ಬಾಗಿಲಲ್ಲಿ ನಿಂತು ನೋಡಿದರು. ಒಂದನೇ ತರಗತಿಯ ಮಗುವೊಂದು ಅದೇ ಪುಸ್ತಕ ಹಿಡಿದು, ‘ಜ’ಕ್ಕೆ ‘ಜ’ ಒತ್ತು ಕೊಟ್ಟು ‘ಅಜ್ಜಿ’ ಎಂದು ಓದಿತು. ಬಿಸ್ಮಿಲ್ಲಾಬಿ ಒಳಗೆ ಹೋಗದೆ ಹಾಗೆಯೇ ಬಸ್‌ಸ್ಟ್ಯಾಂಡಿಗೆ ಮರಳಿದರು.

ನಲವತ್ತೊಂದು ಪುಸ್ತಕಗಳಲ್ಲಿ ಒಂದರಲ್ಲಿಯೂ ಅವರ ಹೆಸರಿಲ್ಲ. ಬೇಜಾರಿಲ್ಲವೇ ಎಂದರೆ, ಇಲ್ಲವೆಂದು ತಲೆಯಾಡಿಸುತ್ತಾರೆ. ಅವರ ಆಸೆಯೇ ಬೇರೆ.

“ಎಲ್ಲಾ ಅಲ್ಲಿಂದ ಇಲ್ಲಿಗೆ ಬರಾಕತ್ತಾವ್ರಿ. ನಮ್ಮ ಕಡೆ ಕಥಿ, ನಮ್ಮವರ ಚಿತ್ರ, ಒಂದರ ಪುಸ್ತಕ ಇಲ್ಲಿಂದ ಅಲ್ಲಿಗೆ ಹೋಗಬೇಕು. ಆ ದೇಶದಾಗ ಯಾವಾಕಿನರ ಒಬ್ಬಾಕಿ ನಸುಕಿನ್ಯಾಗ ಎದ್ದು, ಹಿಂಗ ಪರದೆ ಮ್ಯಾಲ ಬಟ್ಟಿಟ್ಟು, ಆಕಿ ಭಾಷಿ ಅಕ್ಷರ ತಿದ್ದಬೇಕು.”