ಅಂಕಮ್ಮನ ಕೈ ಹಿಡಿದವರು

ಅರಸೀಕೆರೆಯ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ಶಾಂತಾದೇವಿಗೆ 'ಕೈ ನೋಡೋ ಸಿಸ್ಟರ್' ಎಂದೇ ಹೆಸರು. ಎರಡು ಗಂಟೆಗೊಮ್ಮೆ ಪ್ರತಿ ಮಂಚದ ಬಳಿ ನಿಂತು, ಡ್ರಿಪ್ ಸೂಜಿ ಚುಚ್ಚಿದ ಕೈಯನ್ನು ಬೆಳಕಿಗೆ ಹಿಡಿದು ನೋಡದಿದ್ದರೆ ಆಕೆಗೆ ಊಟ ಸೇರುತ್ತಿರಲಿಲ್ಲ. ಕೆಂಪಾಗಿದೆಯೇ, ಊದಿದೆಯೇ, ಮುಟ್ಟಿದರೆ ನೋವೇ ಎಂದು ವಿಚಾರಿಸುವಳು. "ನನ್ ಮಗಳ ಮದ್ವೆ ಯಾವಾಗ ಐತೆ, ಹಂಗೇ ನೋಡಿ ಹೇಳ್ರವ್ವ" ಎಂದು ಕಾಲೆಳೆಯುವವರೂ ಇದ್ದರು. ಇಪ್ಪತ್ತು ವರ್ಷದ ಕೆಲಸದಲ್ಲಿ ಆಕೆ ಈ ಪಟ್ಟು ಸಡಿಲಿಸಿದ್ದು ಒಂದೇ ಸಲ.

ಅದು ತೊಂಬತ್ತೆಂಟನೇ ಇಸವಿ. ಹುಲಿಕೆರೆಯ ಅಂಕಮ್ಮ ವಾಂತಿಭೇದಿಯಿಂದ ನಿತ್ರಾಣಳಾಗಿ ಬಂದು ಮಲಗಿದ್ದಳು. ಗಂಡ ದೊಡ್ಡಬೀರಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ಮಗಳು ರಂಗಮ್ಮ ಊರಿನ ಪೂಜಾರಿಯಿಂದ ಮಂತ್ರಿಸಿದ ಕರಿದಾರ ತಂದು, ಸೂಜಿಯಿದ್ದ ಕೈಯ ಮಣಿಕಟ್ಟಿಗೇ ಬಿಗಿದು, ಮೇಲೆ ಹೊಸ ಬಟ್ಟೆ ಸುತ್ತಿದಳು. ಸಂಜೆ ದೀಪ ಹಚ್ಚುವ ತನಕ ಯಾರೂ ಬಿಚ್ಚಬಾರದಂತೆ. ಹನ್ನೊಂದು ಗಂಟೆಗೆ ಶಾಂತಾದೇವಿ ಕೈ ಚಾಚಿದಾಗ ರಂಗಮ್ಮ ಅಡ್ಡ ಬಂದಳು. ಓದಿದವಳಾದರೂ ಶಾಂತಾದೇವಿಗೆ ಇಂಥ ದಾರಗಳೆಂದರೆ ಒಳಗೊಳಗೇ ಭಯ. ಮುಂದಿನ ಸಲ ನೋಡಿದರಾಯಿತು ಎಂದು ಪಕ್ಕದ ಮಂಚಕ್ಕೆ ಹೋದಳು.

ಒಂದು ಗಂಟೆಗೆ ಬಂದಾಗ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಅಂಕಮ್ಮ ಸೂರು ನೋಡುತ್ತಾ ಒಬ್ಬಳೇ ನಗುತ್ತಿದ್ದಳು.

"ಏನಜ್ಜಿ, ಏನಾಯ್ತು?"

"ಬಂದವ್ರೆ ಕಣವ್ವ. ಬಟ್ಟೆ ಒಳಗೆ ನನ್ ಕೈ ಹಿಡ್ಕೊಂಡವ್ರೆ."

"ಯಾರು?"

"ರಂಗಿ ಅಪ್ಪ. ಅವತ್ತು ಕೊನೇಗೆ ಮುಟ್ಟಿದ್ನಲ್ಲ, ಅಷ್ಟೇ ತಣ್ಣಗೈತೆ ಕೈಯಿ. ಬಿಗಿಯಾಗಿ ಹಿಡ್ದವ್ರೆ."

ರಂಗಮ್ಮನ ಮುಖ ಬಿಳಿಚಿಕೊಂಡಿತು. "ಅವ್ವನ್ನ ಕರ್ಕೊಂಡೋಗಕ್ಕೆ ಬಂದವ್ರೆ ಸಿಸ್ಟರ್. ಬಿಚ್ಚಬ್ಯಾಡಿ. ಈಗ ಅಡ್ಡ ಇರೋದು ಆ ದಾರ ಒಂದೇಯ."

ಶಾಂತಾದೇವಿ ಬಟ್ಟೆಯ ಕಡೆ ನೋಡಿದಳು. ಒಳಗೆ ಒಂದಲ್ಲ, ಎರಡು ಕೈ ಇರುವಷ್ಟು ಉಬ್ಬಿತ್ತು. ಆಕೆಗೆ ಓಡಿಹೋಗಬೇಕೆನಿಸಿತು. ಆದರೆ ಸಂಜೆಯ ತನಕ ಬಿಟ್ಟರೆ ಮುದುಕಿಗೆ ಈ ಕೈ ಉಳಿಯಲಾರದು ಎಂಬುದೂ ಗೊತ್ತಿತ್ತು. ಡ್ರಿಪ್ಪು ನಿಲ್ಲಿಸಿ, ರಂಗಮ್ಮ ತಡೆಯುವಷ್ಟರಲ್ಲಿ ಬಟ್ಟೆ ಬಿಚ್ಚಿದಳು.

ಇದ್ದದ್ದು ಒಂದೇ ಕೈ. ನರಕ್ಕೆ ಹೋಗಬೇಕಾದ ನೀರೆಲ್ಲ ಚರ್ಮದಡಿ ಸೋರಿ, ಕೈ ಬಿಳುಪೇರಿ ಬಿಗಿದುಕೊಂಡು, ಮಣ್ಣಿನ ಹೂಜಿಯಂತೆ ತಣ್ಣಗಾಗಿತ್ತು. ದಾರ ಕಾಣದಷ್ಟು ಒಳಗಿಳಿದಿತ್ತು. ರಂಗಮ್ಮ ಅಳುತ್ತಿರುವಾಗಲೇ ಶಾಂತಾದೇವಿ ಕತ್ತರಿಯ ತುದಿ ತೂರಿಸಿ ಅದನ್ನು ಕತ್ತರಿಸಿದಳು. ಸೂಜಿ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು, ಡಾಕ್ಟರಿಗೆ ಹೇಳಿಕಳಿಸಿ, ಬೆರಳುಗಳಿಗೆ ಬಣ್ಣ ಬರುವ ತನಕ ಅಲ್ಲೇ ಕೂತಳು. ಹನ್ನೊಂದು ಗಂಟೆಗೇ ನೋಡಬೇಕಿತ್ತು ಎಂದು ತನ್ನನ್ನೇ ಬೈದುಕೊಂಡಳು.

ಕೈ ಉಳಿಯಿತು. ಸಂಜೆ ಇನ್ನೊಂದು ಕೈಗೆ ಸೂಜಿ ಹಾಕಿ, ಸುತ್ತಲೂ ಮೆಲ್ಲಗೆ ಮುಟ್ಟಿ ನೋಡುತ್ತಿದ್ದಳು.

"ನಿನ್ ಕೈ ಬೆಚ್ಚಗೈತೆ," ಎಂದಳು ಅಂಕಮ್ಮ.

"ಹೌದಜ್ಜಿ. ಇನ್ನೇನೂ ಭಯ ಇಲ್ಲ."

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. "ನಂಗೆಲ್ಲಿತ್ತವ್ವ ಭಯ. ಹತ್ತು ತಿಂಗಳಾದ್ಮೇಲೆ ಬಂದಿದ್ರು. ಕಳಿಸ್ಬಿಟ್ಟೆಯಲ್ಲ."