ಹಾರ್ನಿನಲ್ಲಿ ಸಿಕ್ಕ ಗೆಳೆಯ

ಮಾನ್ವಿಯ ಅಕ್ಕಿ ಗಿರಣಿಯೆದುರು ಚಹಾ ಕುಡಿಯುತ್ತಿದ್ದೆ. ಭತ್ತದ ಟ್ರ್ಯಾಕ್ಟರೊಂದು ಗೇಟಿನ ಮುಂದೆ ನಿಂತು ಹಾರ್ನ್ ಹೊಡೆಯಿತು. ಗಿಡ್ಡ-ಉದ್ದ ಸದ್ದುಗಳಲ್ಲೇ ಅಕ್ಷರ ಹೇಳುವ ಮೋರ್ಸ್ ಸಂಕೇತದಲ್ಲಿ ಅದು ‘ಓಪನ್’ ಎನ್ನುತ್ತಿತ್ತು! ಸೈನ್ಯದಲ್ಲಿ ರೇಡಿಯೊ ಆಪರೇಟರ್ ಆಗಿದ್ದವನು ನಾನು. ಕೊನೆಯ ಸದ್ದನ್ನು ತುಸು ಎಳೆಯುವ ಆ ಧಾಟಿ ಥಟ್ಟನೆ ಗುರುತು ಸಿಕ್ಕಿತು. ಹಿಮದ ಗಡಿಯಲ್ಲಿ ಪಕ್ಕದ ಠಾಣೆಯಿಂದ ನನಗೆ ಸಂದೇಶ ಕಳಿಸುತ್ತಿದ್ದವನದು. ಆಗ ಹೆಸರು, ಊರು ಹೇಳುವಂತಿರಲಿಲ್ಲ. ಮುಖವನ್ನಂತೂ ನೋಡಿಯೇ ಇರಲಿಲ್ಲ.

ಓಡಿಹೋಗಿ ನನ್ನ ಠಾಣೆಯ ಹಳೆಯ ಗುರುತಿನ ಸಂಕೇತವನ್ನು ಟ್ರ್ಯಾಕ್ಟರಿನ ತಗಡಿಗೆ ಬಡಿದೆ. ಚಾಲಕ ಜಿಗಿದು ಬಂದು ತಬ್ಬಿಕೊಂಡ.

“ಯಪ್ಪಾ, ನೀನಾ! ಯಾವೂರಲೇ ನಿಂದು?”

“ದೇವದುರ್ಗ.”

“ನಂದು ಚೀಕಲಪರ್ವಿ! ಮಗ್ಗಲ ತಾಲೂಕಿನಾಗ ಹುಟ್ಟಿ, ಅಲ್ಲಿ ಇಂಗ್ಲಿಷ್‌ನ್ಯಾಗ ಬಡಕೊಂಡ್ವಲ್ಲೋ!”

ಅಂದು ಅವನ ಮನೆಯಲ್ಲೇ ಉಳಿದೆ. ಆಗ ಹೇಳಲಾಗದ ಮಾತನ್ನೆಲ್ಲ ಬಾಯಿ ತುಂಬ ಕನ್ನಡದಲ್ಲಿ ಆಡಿ, ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.